ಭಾಂಡದ ಉಸಿರು

ಮನೆಯ ಹಿಂಗೋಣೆಯಲ್ಲಿಯೋ ಗ್ಯಾರೇಜಿನ ಮೂಲೆಯಲ್ಲಿಯೋ ಇಪ್ಪತ್ತು ಇಪ್ಪತ್ತೈದು ಲೀಟರು ಹಿಡಿಯುವ ಒಂದು ಭಾಂಡವನ್ನಿಟ್ಟುಕೊಂಡು, ತಮಗೂ ತಮ್ಮ ಮಿತ್ರವರ್ಗಕ್ಕೂ ಸಾಕಾಗುವಷ್ಟು ಬಿಯರನ್ನು ತಾವೇ ಹುದುಗಿಸಿಕೊಳ್ಳುವ ಹವ್ಯಾಸಿಗಳು ಇಂಗ್ಲೆಂಡು ಅಮೆರಿಕಗಳಲ್ಲಿ ಇಂದು ಎಲ್ಲ ಕಡೆಯೂ ಇದ್ದಾರೆ. ಮಾಲ್ಟು ಯಾವುದಿರಬೇಕು, ಹಾಪ್ಸ್ ಎಷ್ಟು ಬೀಳಬೇಕು, ಯೀಸ್ಟು ಯಾವ ತಳಿಯದಾಗಬೇಕು ಎಂದು ವಾರಗಟ್ಟಲೆ ಜಿಜ್ಞಾಸೆ ನಡೆಸುವ ಇವರು, ಭಾಂಡದ ಬಾಯಿಯನ್ನು ಮುಚ್ಚುವ ವಿಷಯ ಬಂದೊಡನೆ, ಬಿಗಿಯಾಗಿದ್ದರೆ ಸಾಕೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಆದರೆ ಹುದುಗುವ ಭಾಂಡವು ಸಂಪೂರ್ಣವಾಗಿ ಬಿಗಿದಿರಲಾರದು, ಅದು ಉಸಿರಾಡತಕ್ಕದ್ದು. ಒಳಗಿನ ಕೆಲಸ ಭರದಿಂದ ಸಾಗಿರುವಾಗ ಉಸಿರನ್ನು ಹೊರಕ್ಕೆ ಬಿಡುತ್ತದೆ. ತಂಪು ತಾಗಿದಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಬಿಡುವ ಉಸಿರಿನ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ, ಏಕೆಂದರೆ ಅದು ಗುಳುಗುಳು ಸದ್ದು ಮಾಡುತ್ತದೆ. ಕೇಡು ಬರುವುದಾದರೋ ಸದ್ದಿಲ್ಲದೆ ಒಳಹೋಗುವ ಉಸಿರಿನಿಂದ.

ಈ ಹವ್ಯಾಸಕ್ಕೆ ಆ ದೇಶಗಳಲ್ಲಿಯೂ ಕಾನೂನಿನ ಪೂರ್ಣ ಸಮ್ಮತಿ ದೊರೆತು ಬಹಳ ಕಾಲವೇನೂ ಆಗಿಲ್ಲ. ಬ್ರಿಟನ್ನಿನಲ್ಲಿ 1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಮನೆಯ ಬಿಯರಿಗೂ ವಿಧಿಸಿದ ಪರವಾನಗಿಯ ಕಟ್ಟಳೆಯನ್ನು 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಅಂಕಿತ ಹಾಕಿದ ಶಾಸನದಿಂದ ಸ್ವಂತ ಬಳಕೆಯ ಬಿಯರು ಕೇಂದ್ರದ ತೆರಿಗೆಯಿಂದ ಮುಕ್ತವಾಯಿತು. ನಮ್ಮಲ್ಲಿ ಮದ್ಯವು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ಲೈಸೆನ್ಸಿಲ್ಲದೆ ಅದನ್ನು ತಯಾರಿಸುವಂತಿಲ್ಲ, ಬೆಂಗಳೂರಿನ ಮೈಕ್ರೊಬ್ರೂವರಿಗಳೂ ಲೈಸೆನ್ಸ್ ಪಡೆದೇ ನಡೆಯುವಂಥವು. ಆದುದರಿಂದ ಮುಂದಿನ ಮಾತುಗಳನ್ನು ಕರ್ನಾಟಕದ ವಾಚಕರು ಭೌತ ರಸಾಯನ ಶಾಸ್ತ್ರಗಳ ಒಂದು ಸ್ವಾರಸ್ಯಕರ ಪ್ರಕರಣವೆಂದು ಓದಿಕೊಂಡರೆ ಸಾಕು.

ಬಾಯನ್ನು ಭದ್ರವಾಗಿ ಮುಚ್ಚಿಬಿಟ್ಟರೇನಾಗುತ್ತದೆ? ಯೀಸ್ಟು ಒಂದು ಅಣು ಗ್ಲೂಕೋಸನ್ನು ಒಡೆದು ಎರಡು ಅಣು ಮದ್ಯಸಾರವನ್ನೂ ಎರಡು ಅಣು ಕಾರ್ಬನ್ ಡೈಆಕ್ಸೈಡನ್ನೂ ಕೊಡುತ್ತದೆ. ತೂಕದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಸಮ. ಶೇಕಡಾ ಐದರ ಮದ್ಯಸಾರವುಳ್ಳ ಇಪ್ಪತ್ತು ಲೀಟರು ಬಿಯರು ತಯಾರಾಗುವಷ್ಟರಲ್ಲಿ ಮುಕ್ಕಾಲು ಕಿಲೋಗ್ರಾಮಿನಷ್ಟು ಅನಿಲ, ಅಂದರೆ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 400 ಲೀಟರು, ಹೊರಬೀಳುತ್ತದೆ. ಇಷ್ಟನ್ನು ಇಪ್ಪತ್ತೈದು ಲೀಟರಿನ ಗಾಜಿನ ಬುದ್ದಲಿಯೊಳಗೆ ಬಂಧಿಸಿಡಲು ಹೊರಟವನು ಬಿಯರನ್ನಲ್ಲ, ಸ್ಫೋಟಕವನ್ನು ತಯಾರಿಸುತ್ತಿದ್ದಾನೆಂದೇ ಹೇಳಬೇಕು. ಆದಕಾರಣ ಅನಿಲವು ಹೊರಹೋಗುವುದಕ್ಕೆ ದಾರಿ ಬೇಕು. ಆ ದಾರಿಯಿಂದ ಬೇರೇನೂ ಒಳಬರಬಾರದು.

ಹುದುಗು ಉಕ್ಕುತ್ತಿರುವ ಮೊದಲ ಮೂರುನಾಲ್ಕು ದಿನಗಳಲ್ಲಿ ಇದೇನೂ ಕಷ್ಟವಲ್ಲ, ಏಕೆಂದರೆ ಎಡೆಬಿಡದೆ ಹೊರಹರಿಯುವ ಅನಿಲವೇ ದ್ವಾರಪಾಲಕನ ಕೆಲಸವನ್ನು ಮಾಡುತ್ತಿರುತ್ತದೆ. ಉತ್ತರ ಇಂಗ್ಲೆಂಡಿನ ಟ್ಯಾಡ್‌ಕಾಸ್ಟರಿನಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು ಇಂದಿಗೂ ಕಲ್ಲುಚಪ್ಪಡಿಯ ಚೌಕತೊಟ್ಟಿಗಳಲ್ಲಿ ಬಿಯರನ್ನು ಹುದುಗಿಸುತ್ತಿರುವುದು ಈ ಭರವಸೆಯಿಂದಲೇ. ಯೀಸ್ಟಿನ ದಪ್ಪ ನೊರೆ ಮೇಲೆ ಹಾಸಿಕೊಂಡಿರುವವರೆಗೆ ಪ್ರತ್ಯೇಕವಾದ ಮುಚ್ಚಳವೇ ಅನಾವಶ್ಯಕ. ಆದರೆ ನೊರೆ ಕುಸಿದು, ಗುಳ್ಳೆ ನಿಂತು, ಬಿಯರು ಶಾಂತವಾದ ಮೇಲೆ ದ್ವಾರಪಾಲಕನು ಹೊರಟುಹೋಗಿರುತ್ತಾನೆ. ಕಾರ್ಬನ್ ಡೈಆಕ್ಸೈಡು ಗಾಳಿಗಿಂತ ಭಾರವಾದ್ದರಿಂದ ಬಿಯರಿನ ಮೇಲೆ ಶಾಶ್ವತವಾಗಿ ಹೊದ್ದುಕೊಂಡಿರುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಅನಿಲಗಳು ಒಂದರೊಳಗೊಂದು ಬೆರೆಯುವ ಸ್ವಭಾವದವಾದುದರಿಂದ ಈ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ಮುಚ್ಚಳ ತೆರೆದ ಭಾಂಡದಲ್ಲಿ ಆ ಹೊದಿಕೆ ಬಹುಕಾಲ ನಿಲ್ಲದು.

ಒಳನುಗ್ಗಲು ಕಾದಿರುವವರಾರೆಂಬುದನ್ನೂ ತಿಳಿಯಬೇಕಷ್ಟೆ. ಮನುಷ್ಯನಿಗೆ ರೋಗ ತರುವ ಜೀವಾಣುಗಳು ಬಿಯರಿನಲ್ಲಿ ಬೆಳೆಯುವುದು ತೀರ ಅಪರೂಪ. ಮದ್ಯಸಾರ, ಆಮ್ಲತೆ, ಹಾಪ್ಸಿನ ಕಹಿ, ಇವು ಮೂರೂ ಕೂಡಿ ಅವನ್ನು ದೂರವಿಡುತ್ತವೆ. ಉಳಿದದ್ದು ರುಚಿಯನ್ನು ಕೆಡಿಸುವ ಪರಿವಾರ. ಲ್ಯಾಕ್ಟೊಬ್ಯಾಸಿಲಸ್ ಹುಳಿ ಹಿಡಿಸುತ್ತದೆ. ಪೀಡಿಯೊಕಾಕಸ್ ಬಿಯರನ್ನು ಲೋಳೆಯಾಗಿಸಿ ಹಳಸಿದ ಬೆಣ್ಣೆಯ ವಾಸನೆಯನ್ನು ಹತ್ತಿಸುತ್ತದೆ. ಕಾಡುಯೀಸ್ಟುಗಳು ಲವಂಗದಂಥ, ಔಷಧದಂಥ ಒಂದು ಕಟುವಾದ ಛಾಯೆಯನ್ನು ತರುತ್ತವೆ. ಅಸಿಟೊಬ್ಯಾಕ್ಟರ್ ಮದ್ಯಸಾರವನ್ನೇ ವಿನೆಗರಾಗಿ ಪರಿವರ್ತಿಸುತ್ತದೆ. ಈ ಕೊನೆಯದಕ್ಕೆ ಆಮ್ಲಜನಕ ಬೇಕೇ ಬೇಕು. ಹೀಗಾಗಿ ಗಾಳಿಯನ್ನು ಒಳಗೆಳೆದುಕೊಂಡ ಭಾಂಡವು ಶತ್ರುವನ್ನೂ ಅವನಿಗೆ ಬೇಕಾದ ಆಹಾರವನ್ನೂ ಏಕಕಾಲದಲ್ಲಿ ಬರಮಾಡಿಕೊಂಡಂತಾಗುತ್ತದೆ. ಜೀವಾಣು ಒಂದೂ ಬಾರದಿದ್ದರೂ ಆಮ್ಲಜನಕವೊಂದೇ ಸಾಕು, ಬಿಯರಿನ ಕಂಪನ್ನು ಕಳೆದು ಹಳೆಯ ರಟ್ಟಿನ ರುಚಿಯನ್ನು ಕೊಡಲು; ಹಾಪ್ಸ್ ಹೇರಳವಾಗಿ ಬಿದ್ದ ಮಬ್ಬುಬಣ್ಣದ ಬಿಯರುಗಳಾದರೆ ಕೆಲವೇ ವಾರಗಳಲ್ಲಿ ಕಂದುಗಟ್ಟಿ ಕೂರುತ್ತವೆ.

ಅನಿಲಕ್ಕೆ ದಾರಿ ಬಿಟ್ಟು ಗಾಳಿಗೆ ಅಡ್ಡ ನಿಲ್ಲುವ ಸಾಧನವೇ ಏರ್‌ಲಾಕ್. ಬೆಲೆಯಲ್ಲಿ ಅತ್ಯಲ್ಪವಾದ ಈ ಪ್ಲಾಸ್ಟಿಕ್ಕಿನ ತುಂಡು ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದನೆಯದು ಮೂರು ಭಾಗಗಳ ಬಿಡಿಜೋಡಣೆ: ಅಗಲವಾದ ಬಟ್ಟಲು, ಅದರ ನಡುವೆ ಮೇಲೆದ್ದ ಸಣ್ಣ ನಳಿಗೆ, ಆ ನಳಿಗೆಯ ಮೇಲೆ ಬೋರಲಾಗಿ ಕವಿದ ಪುಟ್ಟ ಲೋಟ, ಮತ್ತು ಎಲ್ಲದರ ಮೇಲೆ ಸೂಜಿತೂತುಗಳಿರುವ ಮುಚ್ಚಳ. ಬಟ್ಟಲಿನಲ್ಲಿ ಅರ್ಧದಷ್ಟು ದ್ರವ ನಿಂತಿರುತ್ತದೆ; ಭಾಂಡದಿಂದ ಬಂದ ಅನಿಲ ಬೋರಲು ಲೋಟವನ್ನು ಎತ್ತಿ, ಅದರ ಅಂಚಿನಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಎರಡನೆಯದು ಎರಡು ಉಬ್ಬುಗಳಿರುವ ಹಾವುಬಳುಕಿನ ಒಂದೇ ನಳಿಗೆ. ಹೊರಬಿಡುವ ಉಸಿರಿಗೆ ಎರಡೂ ಸಮಾನ. ಒಳಗೆಳೆಯುವ ಉಸಿರಿನಲ್ಲಿ ಮಾತ್ರ ಇವುಗಳ ಗುಣಭೇದ ಬಯಲಾಗುತ್ತದೆ. ಮೂರು ಭಾಗದ್ದರಲ್ಲಿ ಹೊರಗಿನ ಒತ್ತಡ ಹೆಚ್ಚಾದೊಡನೆ ಬಟ್ಟಲಿನ ದ್ರವ ಲೋಟದೊಳಕ್ಕೆ ಏರಿ, ನಳಿಗೆಯ ತುದಿಯನ್ನು ದಾಟಿ, ತೊಟತೊಟನೆ ಬಿಯರಿನೊಳಗೇ ಬೀಳುತ್ತದೆ. ಬಳುಕುನಳಿಗೆಯಲ್ಲಿ ದ್ರವ ಒಂದು ಉಬ್ಬಿನಿಂದ ಮತ್ತೊಂದಕ್ಕೆ ಸರಿದು, ಗಾಳಿಯು ಗುಳ್ಳೆಯಾಗಿ ಹಿಮ್ಮುಖ ಹಾದುಹೋಗುತ್ತದೆ. ಅಳತೆ ಮೀರಿ ತುಂಬದಿದ್ದರೆ ದ್ರವ ಒಳಬೀಳುವುದಿಲ್ಲ. ಆದಾಗ್ಯೂ ಗುಳ್ಳೆಯ ಒಡಲಲ್ಲಿರುವ ಧೂಳನ್ನು ಆ ದ್ರವ ಪೂರ್ತಿಯಾಗಿ ತೊಳೆಯಲಾರದೆಂಬುದನ್ನು ಮರೆಯಬಾರದು.

ಇಷ್ಟಕ್ಕೂ ಒಳಗೆಳೆತ ಏಕೆ ಬರುತ್ತದೆ? ಹುದುಗು ಮುಗಿದ ಬಿಯರನ್ನು ತಿಳಿಗೊಳಿಸಲು ಅದನ್ನು 20 ಡಿಗ್ರಿಯಿಂದ ಎರಡು ಡಿಗ್ರಿಯ ಆಸುಪಾಸಿಗೆ ಇಳಿಸುವ ರೂಢಿಯೊಂದಿದೆ. ಕೋಲ್ಡ್ ಕ್ರ್ಯಾಶ್ ಎಂದು ಅದನ್ನು ಕರೆಯುತ್ತಾರೆ. ಫ್ರಿಜ್ಜಿನೊಳಗೆ ಭಾಂಡವನ್ನಿಟ್ಟರೆ ತೇಲುತ್ತಿದ್ದ ಯೀಸ್ಟೂ ಹಾಪ್ಸಿನ ಚೂರೂ ತಳಕ್ಕೆ ಕೂರುತ್ತವೆ. ಆದರೆ ನಿರಪೇಕ್ಷ ಮಾನದಲ್ಲಿ 293ರಿಂದ 275ಕ್ಕೆ ಇಳಿದ ಅನಿಲ ತನ್ನ ಗಾತ್ರದಲ್ಲಿ ಶೇಕಡಾ ಆರರಷ್ಟು ಕುಗ್ಗಬೇಕು. ಮೇಲಿನ ಖಾಲಿ ಜಾಗ ನಾಲ್ಕು ಲೀಟರಿದ್ದರೆ ಕಾಲು ಲೀಟರಿನಷ್ಟು ಗಾಳಿ ಒಳಬರಬೇಕಾಗುತ್ತದೆ. ಒಂದು ವಾತಾವರಣದ ಒತ್ತಡವೆಂದರೆ ಹತ್ತು ಮೀಟರು ಎತ್ತರದ ನೀರಿನ ಕಂಬ; ಅದರ ಶೇಕಡಾ ಆರೆಂದರೆ ಅರವತ್ತು ಸೆಂಟಿಮೀಟರು. ನೊರೆ ಉಕ್ಕಿದರೆ ಹೋಗಲೆಂದು ಭಾಂಡದ ಬಾಯಿಂದ ಪಕ್ಕದ ಜಾಡಿಯ ದ್ರವದೊಳಕ್ಕೆ ಇಳಿಬಿಟ್ಟ ರಬ್ಬರು ಕೊಳವೆಯನ್ನು ಹಾಗೆಯೇ ಬಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದವರು ಮಾರನೆಯ ಬೆಳಗ್ಗೆ ಜಾಡಿ ಬರಿದಾಗಿರುವುದನ್ನು ಕಂಡು ಬೆರಗಾಗುವುದು ಈ ಕಾರಣದಿಂದಲೇ. ಸಂಜೆಯಿಂದಲೇ ಕೊಳವೆಯಲ್ಲಿ ದ್ರವ ಬೆರಳು ಬೆರಳಾಗಿ ಮೇಲೇರುತ್ತ, ಬಾಗಿನ ತುದಿಗೆ ಬಂದು ಒಂದು ಕ್ಷಣ ತಡೆದಂತೆ ನಿಂತು, ಆಮೇಲೆ ಸರಾಗವಾಗಿ ಆಚೆಗಿಳಿದಿರುತ್ತದೆ. ಜಾಡಿಯಲ್ಲಿದ್ದದ್ದು ಒಂದು ವಾರದ ಯೀಸ್ಟುನೊರೆ ಬೆರೆತ ಕೊಳಕು ನೀರಾಗಿದ್ದರೆ ಆ ಬಿಯರಿನ ಗತಿಯನ್ನು ವಿವರಿಸಬೇಕಿಲ್ಲ.

ಕುಗ್ಗುವಿಕೆಯಷ್ಟೇ ಆಗಿದ್ದರೆ ವಿಷಯ ಹಗುರವೇ. ಹೆಚ್ಚಿನವರ ಗಮನಕ್ಕೆ ಬಾರದ ಎರಡನೆಯ ಕಾರಣ ಇನ್ನೂ ಬಲವಾದದ್ದು. ಕಾರ್ಬನ್ ಡೈಆಕ್ಸೈಡು ತಂಪಾದ ದ್ರವದಲ್ಲಿ ಹೆಚ್ಚು ಕರಗುತ್ತದೆ: 20 ಡಿಗ್ರಿಯಲ್ಲಿ ಒಂದು ಲೀಟರು ನೀರು ಸುಮಾರು 0.88 ಲೀಟರು ಅನಿಲವನ್ನು ಹಿಡಿದರೆ, ಸೊನ್ನೆಯ ಹತ್ತಿರಕ್ಕೆ ಬಂದಾಗ 1.7 ಲೀಟರನ್ನು ಹಿಡಿಯಬಲ್ಲದು. ಅಂದರೆ ತಣ್ಣಗಾದ ಇಪ್ಪತ್ತು ಲೀಟರು ಬಿಯರಿಗೆ ಹತ್ತು ಲೀಟರಿಗೂ ಮಿಗಿಲಾದ ಅನಿಲದ ಹೊಸ ಹಸಿವು ಹುಟ್ಟುತ್ತದೆ; ಮೇಲಿರುವುದಾದರೋ ನಾಲ್ಕೇ ಲೀಟರು. ಕದಲದ ದ್ರವದಲ್ಲಿ ಅನಿಲ ನಿಧಾನವಾಗಿ ಇಳಿಯುವುದರಿಂದ ಈ ಲೆಕ್ಕ ಪೂರ್ತಿಯಾಗಿ ಕೈಗೂಡುವುದಿಲ್ಲವೆಂಬುದು ನಿಜ. ಆದರೂ ಉಷ್ಣತೆ ಸ್ಥಿರವಾದ ಮೇಲೆಯೂ, ಎರಡನೆಯ ಮೂರನೆಯ ದಿನವೂ, ಏರ್‌ಲಾಕ್ ಹಿಮ್ಮುಖವಾಗಿಯೇ ವಾಲಿಕೊಂಡಿರುವುದೇಕೆಂದು ಚಕಿತರಾಗುವವರಿಗೆ ಉತ್ತರ ಇಲ್ಲಿದೆ. ಬಿಯರು ತನ್ನ ಮೇಲಿನ ಹೊದಿಕೆಯನ್ನು ತಾನೇ ಕುಡಿಯುತ್ತಿರುತ್ತದೆ.

ಉಷ್ಣತೆಯ ಏರುಪೇರು ಎಂದರೆ ಫ್ರಿಜ್ಜು ಮಾತ್ರವೇ ಅಲ್ಲ. ಹಗಲಿಗೂ ಇರುಳಿಗೂ ಎಂಟು ಡಿಗ್ರಿ ವ್ಯತ್ಯಾಸವಿರುವ ಷೆಡ್ಡಿನಲ್ಲಿ ಐದು ಲೀಟರಿನ ಖಾಲಿ ಜಾಗವುಳ್ಳ ಭಾಂಡವು ದಿನವೂ ನೂರು ಮಿಲಿಲೀಟರಿಗೆ ಮಿಕ್ಕಿ ಗಾಳಿಯನ್ನು ಬಿಟ್ಟು ಎಳೆದುಕೊಳ್ಳುತ್ತದೆ. ಇದಕ್ಕೆ ವಿಪರ್ಯಾಸವಾಗಿ, ಬೆಳಗಿನ ಬಿಸಿಲಿಗೆ ಏರ್‌ಲಾಕಿನಲ್ಲಿ ಗುಳ್ಳೆ ಕಂಡು ಹುದುಗು ಮತ್ತೆ ಆರಂಭವಾಯಿತೆಂದು ಹರ್ಷಿಸುವವರೂ ಇದ್ದಾರೆ. ಅದು ಬಿಸಿಗೆ ಹಿಗ್ಗಿದ ಅನಿಲ, ಕರಗಿದ್ದದ್ದು ಹೊರಬಂದ ಅನಿಲ. ಹುದುಗಿನ ನಿಜಸ್ಥಿತಿಯನ್ನು ಹೇಳುವುದು ಹೈಡ್ರೋಮೀಟರೇ ಹೊರತು ಗುಳ್ಳೆಯಲ್ಲ.

ಈ ಒಳಗೆಳೆಯುವ ಉಸಿರಿನ ಸಮಸ್ಯೆಯನ್ನು ವಿಜ್ಞಾನದ ಅಂಗಳಕ್ಕೆ ತಂದು ನಿಲ್ಲಿಸಿದ ಮಹನೀಯರಲ್ಲಿ ಲೂಯಿ ಪಾಶ್ಚರ್ ಅಗ್ರಗಣ್ಯ. 1854ರಲ್ಲೇ ಷ್ರೋಡರ್ ಮತ್ತು ಫಾನ್ ದುಷ್ ಎಂಬ ಜರ್ಮನ್ ವಿದ್ವಾಂಸರು, ಕುದಿಸಿದ ಮಾಂಸರಸದ ಮೇಲಕ್ಕೆ ಹತ್ತಿಯ ಮೂಲಕ ಸೋಸಿದ ಗಾಳಿಯನ್ನು ಬಿಟ್ಟರೆ ಅದು ಕೊಳೆಯುವುದಿಲ್ಲವೆಂದು ತೋರಿಸಿದ್ದರು. ಪಾಶ್ಚರ್ 1860ರ ಸುಮಾರಿಗೆ ಮಾಡಿದ ಹಂಸಕಂಠದ ಕುಪ್ಪಿಗಳ ಪ್ರಯೋಗವನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಆ ಪ್ರಯೋಗದ ಮರ್ಮವಿರುವುದು ಕುದಿಸುವುದರಲ್ಲಲ್ಲ, ಕುದಿಸಿದ್ದು ಆರುವುದರಲ್ಲಿ. ಆವಿ ಹೊರನೂಕಿದ ಗಾಳಿ ಕುಪ್ಪಿ ತಣಿದಂತೆ ಹಿಂದಿರುಗಿ ಬರಲೇಬೇಕು. ಮೊದಲು ರಭಸದಿಂದ ನುಗ್ಗಿದ ಗಾಳಿಯಲ್ಲಿರುವ ಜೀವಾಣುಗಳನ್ನು ಇನ್ನೂ ಸುಡುತ್ತಿರುವ ದ್ರವವೇ ಕೊಲ್ಲುತ್ತದೆ. ಆಮೇಲೆ ಮೆಲ್ಲನೆ ತೆವಳಿ ಬರುವ ಗಾಳಿಯ ಧೂಳು ಕೊರಳಿನ ತೇವದ ಬಾಗಿನಲ್ಲಿ ಅಂಟಿಕೊಂಡುಬಿಡುತ್ತದೆ. ಬಾಯಿ ತೆರೆದೇ ಇದೆ, ಗಾಳಿ ಆಡುತ್ತಲೇ ಇದೆ, ಆದರೂ ರಸ ಕೆಡುವುದಿಲ್ಲ. ಮುಚ್ಚುವುದಕ್ಕೂ ಕಾಪಾಡುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಫುಟವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲವೆಂದು ನನ್ನ ಎಣಿಕೆ.

ಹತ್ತು ವರ್ಷಗಳ ತರುವಾಯ, ಪ್ರಷ್ಯದೊಡನೆ ನಡೆದ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ, ಜರ್ಮನರ ಬಿಯರಿಗಿಂತ ಮೇಲಾದದ್ದನ್ನು ಫ್ರಾನ್ಸಿನಲ್ಲಿ ತಯಾರಿಸಿ ರಾಷ್ಟ್ರದ ಸೇಡು ತೀರಿಸಬೇಕೆಂಬ ಹಟ ಪಾಶ್ಚರನಿಗೆ ಹಿಡಿಯಿತು. ಕ್ಲೆರ್ಮೊಂ-ಫೆರಾಂ ಸಮೀಪದ ಒಂದು ಬ್ರೂವರಿಯಲ್ಲಿ ಅಭ್ಯಾಸ ನಡೆಸಿದ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ ಅಲ್ಲಿಯವರಿಗೆ ಅವರದೇ ಯೀಸ್ಟಿನಲ್ಲಿರುವ ಕಲ್ಮಷಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. 1873ರಲ್ಲಿ ಅಮೆರಿಕದಲ್ಲಿ ಅವನು ಪಡೆದ ಪೇಟೆಂಟು, ಕುದಿಸಿದ ಮಾಲ್ಟ್‌ರಸವನ್ನು ಮುಚ್ಚಿದ ಪಾತ್ರೆಯಲ್ಲೇ ಇರಿಸಿ, ಹೊರಗಿನಿಂದ ನೀರು ಚಿಮುಕಿಸಿ, ಹೊರಗಾಳಿಯ ಸೋಂಕಿಲ್ಲದಂತೆ ತಣಿಸುವ ವಿಧಾನಕ್ಕೆ ಸಂಬಂಧಿಸಿದ್ದು. 1876ರಲ್ಲಿ ಹೊರಬಂದ ಅವನ ಬಿಯರ್ ಕುರಿತ ಗ್ರಂಥದ ತುಂಬ ಇರುವುದು ಇದೇ ಚಿಂತೆ. ಇಷ್ಟು ದೊಡ್ಡ ಗ್ರಂಥವನ್ನು ಬರೆದವನಿಗೆ ಬಿಯರಿನ ರುಚಿಯಲ್ಲಿ ಅಂಥ ಅಭಿರುಚಿಯೇನೂ ಇರಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಕಥೆಯಲ್ಲಿ ತಂಪೂ ಸೋಂಕೂ ಎರಡೂ ಇವೆ. ಅದರ ಸ್ಥಾಪಕ ಯಾಕೊಬ್‌ಸೆನ್ 1845ರಲ್ಲಿ ಮ್ಯೂನಿಕ್ಕಿನಿಂದ ಯೀಸ್ಟನ್ನು ಟೋಪಿಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಕುದುರೆಗಾಡಿ ನಿಂತಲ್ಲೆಲ್ಲ ತಣ್ಣೀರು ಹುಯ್ದು ತಂಪು ಮಾಡುತ್ತ ಊರಿಗೆ ತಂದನೆಂದು ಹೇಳುತ್ತಾರೆ. ಅಷ್ಟು ಜೋಪಾನ ಮಾಡಿದ ಯೀಸ್ಟಿನ ಬಿಯರೂ 1883ರಲ್ಲಿ ಕೆಟ್ಟ ವಾಸನೆ ಕೊಟ್ಟು ನಿಂತಿತು. ಪಾಶ್ಚರನ ಸೂತ್ರದಂತೆ ಬ್ಯಾಕ್ಟೀರಿಯವನ್ನು ಹುಡುಕಿದರೆ ಸಾಲದೆಂದು ಕಂಡವನು ಅಲ್ಲಿನ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್. ಕೇಡಿನ ಮೂಲ ಯೀಸ್ಟಿನ ನಡುವೆಯೇ ಅಡಗಿದ್ದ ಕಾಡುಯೀಸ್ಟು. ಅವನು ಒಂದೇ ಒಂದು ಕೋಶದಿಂದ ಶುದ್ಧ ಸಂತಾನವನ್ನು ಬೆಳೆಸಿ ಅದೇ ವರ್ಷದ ನವೆಂಬರಿನಲ್ಲಿ ಬ್ರೂವರಿಗೆ ಒಪ್ಪಿಸಿದ. ಆ ಶುದ್ಧ ಸಂತಾನವನ್ನು ಹಿಗ್ಗಿಸಲು ಅವನೂ ಕ್ಯೂಲೆ ಎಂಬಾತನೂ ಕೂಡಿ ರಚಿಸಿದ ತಾಮ್ರದ ಯಂತ್ರದಲ್ಲಿ, ಒಳಹೋಗುವ ಗಾಳಿಗೆ ಸೋಸುಕವೊಂದು ತಪ್ಪದೆ ಇದ್ದಿತು.

ಈಗ ಮನೆಯ ಭಾಂಡಕ್ಕೆ ಮರಳಿದರೆ, ಮಾಡತಕ್ಕದ್ದೇನೆಂಬುದು ತಾನಾಗಿ ಹೊಳೆಯುತ್ತದೆ. ಮೊದಲನೆಯದಾಗಿ, ಉಸಿರಿಗೆ ನಾವು ಗೊತ್ತುಮಾಡಿದ ದಾರಿಯೊಂದೇ ಇರಬೇಕು. ಮುಚ್ಚಳದ ಗ್ಯಾಸ್ಕೆಟ್ಟಿನ ಮೇಲೆ ಆಹಾರಯೋಗ್ಯ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕು. ರಬ್ಬರ್ ಬಿರಡೆಯೂ ಗಾಜಿನ ಕೊರಳೂ ಒದ್ದೆಯಾಗಿದ್ದರೆ ಬಿರಡೆ ಜಾರಿ ಮೇಲೇಳುವುದರಿಂದ ಎರಡನ್ನೂ ಒರಸಿ ಒಣಗಿಸಬೇಕು. ಮುಚ್ಚಳವನ್ನು ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿದಾಗ ಏರ್‌ಲಾಕಿನ ದ್ರವ ಒಂದು ಕಡೆಗೆ ಸರಿದು ಅಲ್ಲಿಯೇ ನಿಂತರೆ ಭಾಂಡ ಭದ್ರ. ಒತ್ತಿ ಹಿಡಿದಿರುವಾಗಲೇ ಅದು ಮಟ್ಟಕ್ಕೆ ಮರಳಿದರೆ ಎಲ್ಲಿಯೋ ಸೋರುತ್ತಿದೆ. ಏರ್‌ಲಾಕಿನಲ್ಲಿ ಬರಿಯ ನೀರಿಗಿಂತ, ಒಳಗೆ ಬಿದ್ದರೂ ಅಪಾಯವಿಲ್ಲದ ವೋಡ್ಕಾ ಅಥವಾ ಹದವಾಗಿ ಬೆರೆಸಿದ ಆಮ್ಲಜಾತಿಯ ಸ್ಯಾನಿಟೈಸರ್ ಲೇಸು. ತಂಪಿಗೆ ಇಡುವ ಮುನ್ನ ಅದನ್ನು ಹೊಸದಾಗಿ ತುಂಬಬೇಕು, ಇಳಿಬಿಟ್ಟ ಕೊಳವೆಯನ್ನು ತೆಗೆದು ಬಳುಕುನಳಿಗೆಯನ್ನು ಹಾಕಬೇಕು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ, ಒದ್ದೆಕೈ ಸೋಕಿಸಬಾರದೆಂದು ಅಜ್ಜಿಯರು ಹಾಕಿದ ಕಟ್ಟಳೆಗೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ. ಆದರೆ ಉಪ್ಪು, ಎಣ್ಣೆಗಳ ರಕ್ಷಣೆ ಬಿಯರಿಗಿಲ್ಲ.

ಗಾಳಿಯ ದಾರಿಗೆ ಅರ್ಧ ಮೈಕ್ರಾನಿಗೂ ಕಿರಿದಾದ ರಂಧ್ರಗಳ ಸೋಸುಕವನ್ನು ಕೂಡಿಸಿದರೆ ಅದು ಜೀವಾಣುವನ್ನು ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಎರಡನ್ನೂ ತಡೆಯಬೇಕೆಂದರೆ ಒಳಗೆಳೆಯುವ ಉಸಿರು ಕಾರ್ಬನ್ ಡೈಆಕ್ಸೈಡೇ ಆಗಿರಬೇಕು. ಹುದುಗು ಭರದಲ್ಲಿರುವಾಗ ವ್ಯರ್ಥವಾಗಿ ಹೋಗುವ ಅನಿಲವನ್ನು ಲೋಹಲೇಪದ ಬೆಲೂನಿನಲ್ಲಿ ತುಂಬಿಟ್ಟು, ತಂಪಾಗುವಾಗ ಅದನ್ನೇ ಮರಳಿ ಕುಡಿಸುವುದು ಜಾಣ್ಮೆಯ ಉಪಾಯ. ಸಾದಾ ರಬ್ಬರಿನ ಬೆಲೂನು ಸೋರುತ್ತದೆ. ಒತ್ತಡ ತಾಳುವ ಉಕ್ಕಿನ ಭಾಂಡವಿದ್ದವರು ಸಿಲಿಂಡರಿನಿಂದ ಅಲ್ಪ ಒತ್ತಡದ ಅನಿಲವನ್ನು ಹಾಯಿಸಬಹುದು. ಇನ್ನೂ ಸೊಗಸಾದದ್ದು ಜರ್ಮನರ ಹಳೆಯ ಪದ್ಧತಿ: ಸಕ್ಕರೆ ಕೊಂಚ ಉಳಿದಿರುವಾಗಲೇ ಒತ್ತಡ ಮಿತಿಗೊಳಿಸುವ ಕವಾಟವನ್ನು ತಿರುಗಿಸಿ, ಬಿಯರು ತನ್ನ ಅನಿಲವನ್ನು ತಾನೇ ಕೂಡಿಟ್ಟುಕೊಳ್ಳುವಂತೆ ಮಾಡುವುದು. ಗಾಜಿನ ಭಾಂಡಕ್ಕೆ ಮಾತ್ರ ಈ ಎರಡೂ ನಿಷಿದ್ಧ.

ಉಸಿರಿನ ದಾರಿ ಮುಚ್ಚಿಹೋದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಬ್ರೂವರಿಗಳಲ್ಲಿ ಭಯಂಕರವಾದ ನಿದರ್ಶನಗಳಿವೆ. ಬಿಯರು ಖಾಲಿಯಾದ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡು ತುಂಬಿರುವಾಗಲೇ ಕಾಸ್ಟಿಕ್ ಸೋಡಾದಿಂದ ತೊಳೆಯಲು ಹೊರಟರೆ, ಸೋಡಾ ಆ ಅನಿಲವನ್ನು ಕ್ಷಣಮಾತ್ರದಲ್ಲಿ ಹೀರಿ ಒಳಗೆ ನಿರ್ವಾತವನ್ನುಂಟುಮಾಡುತ್ತದೆ. ಒಳಗಿನ ಒತ್ತಡವನ್ನು ಲೀಲಾಜಾಲವಾಗಿ ತಾಳುವ ಉಕ್ಕಿನ ಗೋಡೆ ಹೊರಗಿನ ವಾತಾವರಣದ ಭಾರಕ್ಕೆ ಕುಸಿದು ಮಡಿಚಿಕೊಳ್ಳುತ್ತದೆ. ಅದಕ್ಕಾಗಿಯೇ ಆ ಟ್ಯಾಂಕುಗಳ ನೆತ್ತಿಯ ಮೇಲೆ ಗಾಳಿಯನ್ನು ಒಳಬಿಡುವ ಕವಾಟವೊಂದು ಕಡ್ಡಾಯ. ಮನೆಯಲ್ಲಿ ಪೆಟ್ ಪ್ಲಾಸ್ಟಿಕ್ಕಿನ ಭಾಂಡಕ್ಕೆ ಬಿರಡೆ ಜಡಿದು ತಂಪಿಗಿಟ್ಟವರೂ ಅದರ ಪಕ್ಕೆಗಳು ಒಳಸೇದಿಕೊಂಡಿರುವುದನ್ನು ಕಾಣುತ್ತಾರೆ.

ಗಾಳಿಯನ್ನು ಬೇಕೆಂದೇ ಕರೆಯುವವರೂ ಇಲ್ಲದಿಲ್ಲ. ಬ್ರಸೆಲ್ಸಿನ ಕಾಂತಿಯೋಂ ಬ್ರೂವರಿಯಲ್ಲಿ, ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತಟ್ಟೆಯಲ್ಲಿ ಚಳಿಗಾಲದ ಇರುಳೆಲ್ಲ ತೆರೆದಿಟ್ಟು, ಗಾಳಿಯ ಜೀವಾಣುಗಳೇ ಬಂದು ಹುದುಗೆಬ್ಬಿಸಲಿ ಎಂದು ಬಿಡುತ್ತಾರೆ. ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಮಾಗಿದ ಆ ಲ್ಯಾಂಬಿಕ್ ಬಿಯರಿನ ಹುಳಿಗೆ ಜಗತ್ತೇ ಮಾರುಹೋಗಿದೆ. ಆದರೆ ಅವರು ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದಿಲ್ಲವೆಂಬುದನ್ನು, ಅವರನ್ನು ನೆನೆದು ಮುಚ್ಚಳ ಸಡಿಲಬಿಡುವ ಹವ್ಯಾಸಿಗಳು ಗಮನಿಸುವುದು ಕಡಮೆ.

ಬೆಲೂನೂ ಸಿಲಿಂಡರೂ ಇಲ್ಲದವರು ಕೋಲ್ಡ್ ಕ್ರ್ಯಾಶಿನ ಗೊಡವೆಗೇ ಹೋಗದಿರುವುದು ಮೇಲೆಂದು ನನಗೆ ತೋರುತ್ತದೆ. ಫ್ರಿಜ್ಜು ಎಂಬುದೇ ಇಲ್ಲದ ಕಾಲದಲ್ಲಿ ಇಂಗ್ಲಿಷರು ತಮ್ಮ ಏಲ್‌ಗಳನ್ನು ಮೀನಿನ ಗಾಳಿಚೀಲದಿಂದ ತೆಗೆದ ಅಂಟಿನಿಂದ ತಿಳಿಗೊಳಿಸಿಕೊಳ್ಳುತ್ತಿದ್ದರು, ಅಥವಾ ಸುಮ್ಮನೆ ಕಾಯುತ್ತಿದ್ದರು. ಉಷ್ಣತೆ ಏರಿಳಿಯದ ಒಂದು ಮೂಲೆಯಲ್ಲಿ, ಏರ್‌ಲಾಕಿನ ದ್ರವ ಬತ್ತದಂತೆ ನೋಡಿಕೊಂಡು, ಭಾಂಡವನ್ನು ಇನ್ನೆರಡು ವಾರ ಕದಲಿಸದೆ ಬಿಟ್ಟರೆ ಯೀಸ್ಟಿನ ಬಹುಭಾಗ ತಾನಾಗಿಯೇ ತಳ ಸೇರುತ್ತದೆ. ಲೋಟದಲ್ಲಿ ತುಸು ಮಂಕು ಉಳಿದರೂ ಹುಳಿಯಿರುವುದಿಲ್ಲ.